ಅವ್ವ ಬಿಟ್ಟ ಸಾಲು

ಇಂಟರ್ನಲ್ಸ್ ಮುಗಿದ ದಿನ ಕ್ಯಾಂಟೀನಿನಲ್ಲಿ ಏಳೆಂಟು ಜನ ಕೂತು ಲವ್ ಮ್ಯಾರೇಜಾ, ಅರೇಂಜ್ಡಾ ಅಂತ ವಾದ ಮಾಡ್ತಿದ್ವಿ. ಮಿರ್ಚಿ ಪ್ಲೇಟು ಖಾಲಿಯಾದರೂ ವಾದ ಮುಗಿದಿರಲಿಲ್ಲ. ಅಷ್ಟರಲ್ಲಿ ಒಬ್ಬ ನಮ್ಮ ಕಡೆ ತಿರುಗಿ, "ನಿಮ್ಮದು ಭಾಳ ಸರಳ ಬಿಡ್ರಪಾ. ಬಿಳಿ ಗೌನು, ಉಂಗುರ, 'ಐ ಡೂ' ಅಂತ ಒಂದು ಮಾತು, ಆಮೇಲೆ ಕೇಕು. ಮುಗೀತು" ಅಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ತಪ್ಪು ಅವನದಲ್ಲ, ಅವನು ನೋಡಿದ ಸಿನಿಮಾಗಳದ್ದು. ಆದರೆ ರಾತ್ರಿ ಹಾಸ್ಟೆಲ್‌ಗೆ ಹೋದ ಮೇಲೆ ಇಬ್ಬರಿಗೂ ಅದೇ ಮಾತು ತಲೆಯಲ್ಲಿ ಉಳಿಯಿತು. ಆ ಕೇಕಿನ ಆಮೇಲೆ ಏನಾಗುತ್ತೆ ಅಂತ ನಮಗೆ ಸ್ವಲ್ಪ ಗೊತ್ತಿತ್ತು. ಅದನ್ನೇ ಇಲ್ಲಿ ಬರೀತಿದ್ದೇವೆ.

ನಾವು ಅಂದರೆ ಅಕ್ಕ-ತಮ್ಮ. ಒಬ್ಬಾಕಿ ಎಲೆಕ್ಟ್ರಾನಿಕ್ಸ್ ಐದನೇ ಸೆಮ್, ಇನ್ನೊಬ್ಬ ಮೆಕ್ಯಾನಿಕಲ್ ಮೂರನೇ ಸೆಮ್. ಊರು ಹುಬ್ಬಳ್ಳಿ. ಅಪ್ಪನದು ಗೋಕುಲ ರಸ್ತೆಯ ಕಡೆ ಬಾಡಿಗೆ ಶೆಡ್ಡಿನಲ್ಲಿ ಸಣ್ಣ ಲೇತ್ ವರ್ಕ್‌ಶಾಪು. ಅವ್ವ ಮನೆಯಲ್ಲೇ ಬ್ಲೌಸು, ಯೂನಿಫಾರ್ಮು ಹೊಲಿಯುತ್ತಾಳೆ. ಜೊತೆಗೆ ಅಪ್ಪನ ಅವ್ವ, ಅಂದರೆ ನಮ್ಮ ಅಜ್ಜಿ. ಇದನ್ನು ಬರೆಯೋಕೆ ಮೊದಲು ಮೂವರ ಒಪ್ಪಿಗೆಯನ್ನೂ ಕೇಳಿದ್ದೇವೆ. ಕೇಳದೆ ಮಾಡಿದರೆ ಏನಾಗುತ್ತೆ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತಿದೆ.

ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಇರುತ್ತೆ. ನಾವು ಹಾಸ್ಟೆಲ್ ಸೇರಿದ ಮೇಲೆ ಭಾನುವಾರ ಎಂಟೂವರೆಗೆ ಕಾನ್ಫರೆನ್ಸ್ ಕಾಲ್‌ನಲ್ಲಿ ಸೇರಿಕೊಳ್ತೇವೆ. ಲೇಡೀಸ್ ಹಾಸ್ಟೆಲ್‌ನಿಂದ ಒಬ್ಬಾಕಿ, ಬಾಯ್ಸ್ ಹಾಸ್ಟೆಲ್ ಟೆರೇಸಿನಿಂದ ಒಬ್ಬ, ಅತ್ತ ಮನೆಯಲ್ಲಿ ಸ್ಪೀಕರ್ ಆನ್ ಮಾಡಿದ ಅವ್ವನ ಫೋನು. ಅಜ್ಜಿ ಭೂತಗನ್ನಡಿ ಹಿಡಿದು ಬೈಬಲಿನ ಒಂದು ಭಾಗ ಓದುತ್ತಾಳೆ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳ್ತೇವೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅದು. ಹೇಳಿ ಮುಗಿಸೋಕೆ ಅರ್ಧ ನಿಮಿಷ ಸಾಕು.

"ಇಂಗ್ಲಿಷಿನಲ್ಲಿ ಹೇಳ್ತೀರಾ?" ಅಂತ ರೂಮ್‌ಮೇಟ್‌ಗಳು ಕೇಳಿದ್ದುಂಟು. ಇಲ್ಲ, ಕನ್ನಡದಲ್ಲೇ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ-ಹುಬ್ಬಳ್ಳಿಗೂ ಬಂದರು. ರಾಜ್ಯೋತ್ಸವದ ಭಾಷಣದಲ್ಲಿ ನಾವೆಲ್ಲ ತಪ್ಪದೆ ಹೆಸರು ಹೇಳುವ ಕಿಟೆಲ್, 1894ರಲ್ಲಿ ಆ ದೊಡ್ಡ ನಿಘಂಟು ಅಚ್ಚು ಹಾಕಿಸಿದ ಕಿಟೆಲ್, ಅದೇ ಮಿಷನ್ನಿನವರು. ಹಾಗಾಗಿ ನಮ್ಮ ಅಜ್ಜಿ ದೇವರ ಜೊತೆ ಮಾತಾಡೋದೂ ಜಗಳ ಆಡೋದೂ ಕನ್ನಡದಲ್ಲೇ.

ಈಗ ವಿಷಯಕ್ಕೆ ಬರ್ತೇವೆ. ತಮ್ಮನಿಗೆ ಸೀಟು ಸಿಕ್ಕ ವಾರದಲ್ಲೇ ಮನೆಗೆ ಒಂದು ನೋಟಿಸು ಬಂತು. ಅವ್ವನೇ ಒಡೆದು ನೋಡಿದಳು. ಅಪ್ಪ ತನ್ನ ಇಪ್ಪತ್ತು ವರ್ಷದ ಗೆಳೆಯನೊಬ್ಬನ 5 ಲಕ್ಷದ ಸಾಲಕ್ಕೆ ಜಾಮೀನು ಹಾಕಿದ್ದ. ಗೆಳೆಯ ಕಂತು ಕಟ್ಟೋದು ನಿಲ್ಲಿಸಿ ಊರು ಬಿಟ್ಟಿದ್ದ. ಸಹಿ ಹಾಕಿ ಎರಡು ವರ್ಷ ಆಗಿತ್ತು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವ್ವ ಕೂಗಾಡಲಿಲ್ಲ. ಅದೇ ನಮಗೆ ಹೆದರಿಕೆ ಆಗಿದ್ದು. ಅಪ್ಪ ಶೆಡ್ಡಿನಿಂದ ಬಂದು ಕೈ ತೊಳೆದ ಮೇಲೆ ನೋಟಿಸು ಮುಂದಿಟ್ಟು ಒಂದೇ ಮಾತು ಹೇಳಿದಳು: "ಕೇಳಿದ್ರ ನಾ ಬ್ಯಾಡ ಅಂತಿದ್ದೆ ಅಂತ ನಿಮಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ, ಹೌದಿಲ್ಲೋ?"

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಅವ್ವನ ತವರಿನಿಂದ ಬಂದ ಐದು ತೊಲೆ ಬಂಗಾರ ಹೋಯಿತು. ಎರಡು ಲೇತಿನಲ್ಲಿ ಒಂದು ಹೋಯಿತು. ಉಳಿದದ್ದನ್ನು ತಿಂಗಳ ಕಂತಿನಲ್ಲಿ ಕಟ್ಟೋದು ಅಂತ ತೀರ್ಮಾನ ಆಯಿತು. ನಮ್ಮ ಫೀಸು ಹೇಗೋ ಹೊಂದಿತು. ಅವ್ವ ಅಡುಗೆ ಮಾಡಿದಳು, ಅಂಗಿಗೆ ಇಸ್ತ್ರಿ ಹಾಕಿದಳು, ಭಾನುವಾರ ಎಂದಿನಂತೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಆರಾಧನೆಗೆ ಹೋದಳು. ಬೇಕಾದಷ್ಟೇ ಮಾತು. "ಸಿಲಿಂಡರ್ ಮುಗದೈತಿ." "ಬಾಡಿಗಿ ಕೊಡಬೇಕು." ಅಷ್ಟೇ.

ನಾವು ಹಾಸ್ಟೆಲಿಗೆ ಬಂದ ಮೇಲೆ ಮೊದಲ ಭಾನುವಾರದ ಕಾಲ್‌ನಲ್ಲಿ, ಕರ್ತನ ಪ್ರಾರ್ಥನೆಯ ನಡುವೆ ಅವ್ವನ ದನಿ ಒಮ್ಮೆ ಕಟ್ ಆಗಿ ಮತ್ತೆ ಬಂತು. ನೆಟ್‌ವರ್ಕ್ ಅಂದ್ಕೊಂಡ್ವಿ. ಮುಂದಿನ ವಾರವೂ ಹಾಗೇ ಆಯಿತು. ಮೂರನೇ ವಾರ ಇಬ್ಬರೂ ಕಿವಿಗೊಟ್ಟು ಕೇಳಿದೆವು. ಪ್ಯಾಕೆಟ್ ಲಾಸ್ ಪ್ರತಿ ವಾರ ಅದೇ ಜಾಗದಲ್ಲಿ, ಅದೂ ಒಬ್ಬರ ದನಿಗೆ ಮಾತ್ರ ಆಗೋಲ್ಲ. ಅವ್ವ ಒಂದು ಸಾಲು ಬಿಡ್ತಿದ್ದಳು. ಬೇರೆಯವರು ನಮಗೆ ಮಾಡಿದ ತಪ್ಪನ್ನು ನಾವು ಕ್ಷಮಿಸಿದ್ದೇವೆ, ಹಾಗೇ ನಮ್ಮನ್ನೂ ಕ್ಷಮಿಸು ಅಂತ ಕೇಳುವ ಸಾಲು ಅದು. ಉಳಿದ ಪ್ರಾರ್ಥನೆಯೆಲ್ಲ ಸ್ಪಷ್ಟವಾಗಿ ಹೇಳ್ತಿದ್ದಳು. ಅಲ್ಲಿ ಬಂದಾಗ ಮಾತ್ರ ಅಪ್ಪನ ದನಿಯೂ ಅಜ್ಜಿಯ ದನಿಯೂ ಉಳಿಯುತ್ತಿತ್ತು, ಅವ್ವನದು ಇರುತ್ತಿರಲಿಲ್ಲ.

ನಮಗೆ ಗಾಬರಿಯಾಯಿತು. ಅವ್ವ-ಅಪ್ಪ ಒಂದೇ ಮನೆಯಲ್ಲಿದ್ದು ಹೀಗೇ ಕೊನೆತನಕ ಇದ್ದುಬಿಟ್ಟರೆ? ಕ್ಲಾಸಿನಲ್ಲಿ ಕೂತರೂ ಅದೇ ಯೋಚನೆ. ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅವ್ವಗ ನೀನ ಒಂದು ಮಾತು ಹೇಳಬೇ. ಕ್ಷಮಿಸಿಬಿಡು ಅನ್ನು" ಅಂದೆವು. ಅಜ್ಜಿ ಅಪ್ಪನ ತಾಯಿ, ಮಗನ ಪರ ಮಾತಾಡುತ್ತಾಳೆ ಅಂತ ನಮ್ಮ ಲೆಕ್ಕ.

ಅಜ್ಜಿ ಬೆಳ್ಳುಳ್ಳಿ ಬಿಡಿಸ್ತಾ ಇದ್ದಳು. ಕೈ ನಿಲ್ಲಿಸಲಿಲ್ಲ. "ನಾ ಹೇಳಂಗಿಲ್ಲ. ಎಪ್ಪತ್ತು ವರ್ಷ ಆತು ನಾ ಆ ಸಾಲು ಪಟಪಟ ಹೇಳಾಕತ್ತು. ಎಷ್ಟು ಸಲ ಖರೇ ಹೇಳೀನೋ ದೇವರಿಗೇ ಗೊತ್ತು. ನಿಮ್ಮವ್ವ ಸುಳ್ಳು ಹೇಳಬಾರದು ಅಂತ ಸುಮ್ಮನಾಗ್ತಾಳ. ಆಕಿ ಪ್ರಾರ್ಥನಾ ಬಿಟ್ಟಿಲ್ಲ, ಎದ್ದೂ ಹೋಗಿಲ್ಲ. ಅಲ್ಲೇ ಕುಂತಾಳ. ಕುಂದರಲಿ ಬಿಡ್ರಿ."

ನಾವು ಚಿಕ್ಕವರಿದ್ದಾಗ ಕ್ಷಮೆಯ ಪಾಠ ಹೇಳಿಕೊಟ್ಟದ್ದೂ ಇದೇ ಅಜ್ಜಿ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಪೇತ್ರ ಕೇಳಿದ್ದಕ್ಕೆ ಯೇಸು ಎಪ್ಪತ್ತೇಳಲೆ ಲೆಕ್ಕ ಹೇಳಿದ ಕಥೆ. ನಾವು ಆಗಲೇ ಇಂಜಿನಿಯರ್‌ಗಳು ನೋಡಿ, ಗುಣಿಸಿದೆವು, 490. ಡ್ರಾಯಿಂಗ್ ಪುಸ್ತಕದ ಕೊನೆ ಹಾಳೆಯಲ್ಲಿ ಒಬ್ಬರ ಮೇಲೊಬ್ಬರು ಗೆರೆ ಎಳೆದು ಲೆಕ್ಕ ಇಟ್ಟೆವು. 491ನೇ ಸಲ ಹೊಡೆಯಬಹುದು ಅನ್ನೋ ಆಸೆ. ಅಪ್ಪ ಆ ಹಾಳೆ ನೋಡಿ ಬಿದ್ದು ಬಿದ್ದು ನಕ್ಕಿದ್ದ. "ಲೆಕ್ಕ ಇಟ್ರ ಅದು ಕ್ಷಮಾ ಅಲ್ರಲೇ, ಉದ್ರಿ ಖಾತೆ" ಅಂದಿದ್ದ. ಆಗ ಅಪ್ಪನಿಗೆ ಉದ್ರಿ, ಸಾಲ ಎಲ್ಲ ನಗುವ ಮಾತಾಗಿತ್ತು.

ಆ ಪೇತ್ರನ ಪ್ರಶ್ನೆಗೆ ಉತ್ತರವಾಗಿ ಯೇಸು ಹೇಳಿದ ಇನ್ನೊಂದು ಕಥೆಯ ಮೇಲೆ, ಅದೇ ರಜೆಯ ಭಾನುವಾರ, ಸಭಾಪಾಲಕರು ಪ್ರಸಂಗ ಮಾಡಿದರು. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ರಾಜ ಮನಸ್ಸು ಕರಗಿ ಅಷ್ಟನ್ನೂ ಬಿಟ್ಟುಬಿಟ್ಟ. ಆ ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ ಅಂತ ಅವರು ವಿವರಿಸಿದರು. ಹಿಂದಿನ ಬೆಂಚಿನಲ್ಲಿ ನಾವು ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಮೊದಲ ಸಾಲ 6 ಕೋಟಿ ದಿನದ ಕೂಲಿ, ಅಂದರೆ ಒಂದು ದಿನವೂ ರಜೆ ಇಲ್ಲದೆ 1,64,000 ವರ್ಷಕ್ಕಿಂತ ಹೆಚ್ಚು ದುಡಿಯಬೇಕು. ಎರಡನೆಯದು ನೂರು ದಿನ. ಆರು ಲಕ್ಷ ಪಟ್ಟು ವ್ಯತ್ಯಾಸ! ಇನ್ನೂ ಒಂದು ಮಾತು ಹೇಳಿದರು. ಕರ್ತನ ಪ್ರಾರ್ಥನೆ ಬೈಬಲಿನಲ್ಲಿ ಎರಡು ಕಡೆ ಇದೆ. ಲೂಕನ ಗ್ರಂಥದಲ್ಲಿ ನಮ್ಮ ಪಾಪಗಳನ್ನು ಕ್ಷಮಿಸು ಅಂತಿದೆ. ಆದರೆ ಮತ್ತಾಯನ ಗ್ರಂಥದ ಮೂಲ ಗ್ರೀಕಿನಲ್ಲಿ ಆ ಜಾಗದಲ್ಲಿರುವುದು ಸಾಲ ಅನ್ನುವ ಅರ್ಥದ ಶಬ್ದವೇ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವ್ವ ಬಿಡುತ್ತಿದ್ದ ಸಾಲಿನಲ್ಲಿ ಇದ್ದದ್ದೂ ಸಾಲವೇ.

ಮನೆಗೆ ಬಂದ ಮೇಲೆ ತಡೆಯೋಕಾಗದೆ ಅವ್ವನ ಮುಂದೆ ಆರು ಲಕ್ಷ ಪಟ್ಟಿನ ಲೆಕ್ಕ ಒಪ್ಪಿಸಿದೆವು. ಅವ್ವ ಮಷಿನ್ನಿಗೆ ದಾರ ಪೋಣಿಸ್ತಿದ್ದಳು. "ನಾನೂ ಕೇಳೀನಿ ಪ್ರಸಂಗ. ನೂರು ದಿನದ ಕೂಲಿನೂ ಕೂಲೀನ ಅಲ್ಲೇನು? ನೂರು ದಿನ ದುಡದವರಿಗೆ ಅದೇನು ಸಣ್ಣದ?" ಅಂದಳು.

ನಮ್ಮ ಕ್ಯಾಲ್ಕುಲೇಟರ್ ಅಲ್ಲಿಗೆ ಬಂದ್ ಆಯಿತು. ಸುಮ್ಮನೆ ಕ್ಷಮಿಸಿಬಿಡು ಅಂತ ಹೇಳುವವರಿಗೆ ಸಾಲ ಯಾವಾಗಲೂ ಸಣ್ಣದಾಗೇ ಕಾಣುತ್ತೆ. ಯೇಸು ಆ ಕಥೆಯಲ್ಲಿ ಎರಡನೆಯ ಸಾಲವನ್ನು ಒಂದು ದಿನಾರಿ ಅಂತ ಹೇಳಬಹುದಿತ್ತು. ಹೇಳಲಿಲ್ಲ, ನೂರು ಅಂದ. ನೋವು ಸುಳ್ಳು ಅಂತ ಆ ಕಥೆ ಹೇಳೋದಿಲ್ಲ ಅಂತ ನಮಗೆ ತಿಳಿಸಿಕೊಟ್ಟವಳು ಅವ್ವ.

ಅಪ್ಪ ಏನು ಮಾಡ್ತಿದ್ದ? ಹೂವು ತರಲಿಲ್ಲ, ಉದ್ದ ಭಾಷಣ ಮಾಡಲಿಲ್ಲ. ದಿನಾ ರಾತ್ರಿ ಶೆಡ್ಡಿನ ಲೆಕ್ಕದ ಪುಸ್ತಕ ತಂದು ಅವ್ವನ ಹೊಲಿಗೆ ಮಷಿನ್ನಿನ ಮೇಲೆ ಇಡೋಕೆ ಶುರು ಮಾಡಿದ. ಎಷ್ಟು ಜಾಬ್ ಬಂತು, ಎಷ್ಟು ರೊಕ್ಕ ಬಂತು, ಯಾರಿಗೆ ಕೊಟ್ಟೆ, ಎಲ್ಲ. ಅವ್ವ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಅದನ್ನು ವಾಪಸ್ ತಗೊಂಡು ಹೋಗುತ್ತಿದ್ದ, ರಾತ್ರಿ ಮತ್ತೆ ತಂದು ಇಡುತ್ತಿದ್ದ. ಹೀಗೆ ಮೂರು ತಿಂಗಳು. ಕ್ರಿಸ್ಮಸ್ಸಿಗೆ ನಾವು ಮನೆಯಲ್ಲಿ ಕರ್ಜಿಕಾಯಿ ತುಂಬ್ತಾ ಕೂತಾಗ ಆ ಪುಸ್ತಕ ತೆರೆದು ನೋಡಿದರೆ, ಒಂದು ಪುಟದಲ್ಲಿ ಅವ್ವ ಬಟ್ಟೆಗೆ ಗುರುತು ಹಾಕುವ ಕೆಂಪು ಪೆನ್ಸಿಲಿನ ಗೆರೆ. ಕೂಡಿಸಿದ್ದು ತಪ್ಪಾಗಿತ್ತು, 140 ರೂಪಾಯಿ ಹೆಚ್ಚು ಬಿದ್ದಿತ್ತು. ಅವ್ವ ತಿದ್ದಿದ್ದಳು. ನಮಗೆ ಕ್ರಿಸ್ಮಸ್ ಅಲ್ಲೇ ಆಯಿತು.

ಹೊಸ ವರ್ಷದ ಹಿಂದಿನ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಎಲ್ಲರ ಮುಂದೆ, ಅಜ್ಜಿಯ ಮುಂದೆ, ನಮ್ಮ ಮುಂದೆ ಹೇಳಿದ. "ರೊಕ್ಕ ಹೋತು ಅಂತ ಅಲ್ಲ. ನಾ ನಿನ್ನ ಕೇಳಬೇಕಿತ್ತು. ನೀ ಬ್ಯಾಡ ಅಂತೀ ಅಂತ ಗೊತ್ತಿದ್ದ ಕೇಳಲಿಲ್ಲ. ತಪ್ಪು ಅದು." ಅಪ್ಪ ಹೀಗೆ ತಲೆ ತಗ್ಗಿಸಿ ಮಾತಾಡಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಅವ್ವ "ಹೂಂ" ಅಂದಳು. ಅಷ್ಟೇ. ಮುಂದಿನ ಭಾನುವಾರವೂ ಆ ಸಾಲು ಹೇಳಲಿಲ್ಲ.

ಹೇಳಿದ್ದು ಮಾರ್ಚ್‌ನಲ್ಲಿ. ಯಾವ ವಿಶೇಷವೂ ಇಲ್ಲದ ಒಂದು ಭಾನುವಾರ. ಇಲ್ಲಿ ಒಬ್ಬಳಿಗೆ ಮರುದಿನ ಲ್ಯಾಬ್ ಎಕ್ಸಾಮು, ಒಬ್ಬ ಟೆರೇಸಿನಲ್ಲಿ ಸೊಳ್ಳೆ ಹೊಡೀತಾ ನಿಂತಿದ್ದ. ಆ ಸಾಲು ಬಂತು. ಅಪ್ಪ, ಅಜ್ಜಿಯ ದನಿಯ ಹಿಂದೆ ಒಂದು ಕ್ಷಣ ತಡವಾಗಿ, ಸಣ್ಣಗೆ, ಅವ್ವನ ದನಿ. ನಾವಿಬ್ಬರೂ ಮುಂದಿನ ಮಾತು ಮರೆತು ಸುಮ್ಮನಾದೆವು. ಯಾರೂ ಏನೂ ಹೇಳಲಿಲ್ಲ. ಆಮೆನ್ ಆದ ಮೇಲೆ ಅವ್ವ ಕೇಳಿದ್ದು, "ಊಟಾತೇನ್ರೋ? ಏನ್ ಮಾಡಿದ್ರು ಮೆಸ್ಸಿನ್ಯಾಗ?"

ಬೇಸಿಗೆ ರಜೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆವು, "ಸಿಟ್ಟೆಲ್ಲಾ ಹೋತೇನವ್ವಾ?"

"ಎಲ್ಲಿ ಹೋಕ್ಕೈತಿ? ಕೊಳ್ಳಾಗ ಕೈ ಹಾಕಿಕೊಂಡಾಗ ಬಂಗಾರ ನೆನಪಾಗ್ತೈತಿ, ಮತ್ತ ಬರ್ತೈತಿ. ಆ ಪ್ರಾರ್ಥನ್ಯಾಗ ಅದರ ಹಿಂದಿನ ಸಾಲು ಯಾವುದು ಹೇಳ್ರಿ?"

ಹೇಳಿದೆವು. ಆ ದಿನದ ಊಟವನ್ನು ಆ ದಿನಕ್ಕೆ ಕೊಡು ಅಂತ ಕೇಳುವ ಸಾಲು.

"ಹಾಂ. ರೊಟ್ಟಿ ಕೇಳಿದ ಕೂಡಲೇ ಕ್ಷಮಾ ಕೇಳ್ತೀವಿ. ಎರಡೂ ದಿನದಿನದ್ದು. ಖಡಕ್ ರೊಟ್ಟಿ ಮಾಡಿ ತಿಂಗಳಗಟ್ಟಲೆ ಡಬ್ಬಿಯಾಗ ಇಟ್ಟಂಗ ಇದನ್ನ ಇಡಾಕ ಬರಂಗಿಲ್ಲ. ದಿನಾ ಬಡೀಬೇಕು. ಒಂದೊಂದು ದಿನ ಛಲೋ ಬರ್ತೈತಿ, ಒಂದೊಂದು ದಿನ ಹರೀತೈತಿ." ಆಮೇಲೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಇನ್ನೊಂದು ಸೇರಿಸಿದಳು. "ಹಂಗಂತ ಕ್ಷಮಿಸೂದು ಬ್ಯಾರೆ, ಸಹಿ ಮಾಡಾಕ ಬಿಡೂದು ಬ್ಯಾರೆ. ಇನ್ನ ಮುಂದ ಯಾವ ಕಾಗದಾ ಬಂದ್ರೂ ಮೊದಲ ನಾ ಓದಬೇಕು. ಮತ್ತ ನಿಮ್ಮಪ್ಪ ಕೈ ಎತ್ತಿದ್ರ, ತಪ್ಪ ಒಪ್ಪಿಕೊಳ್ಳದ ಹೋಗಿದ್ರ, ಈ ಕಥಿನ ಬ್ಯಾರೆ ಆಗ್ತಿತ್ತು. ಅದನ್ನೂ ತಿಳ್ಕೋರಿ." ಕೊನೆಯ ಮಾತು ಹೇಳುವಾಗ ಅಕ್ಕನ ಕಡೆ ನೋಡಿದಳು.

ಗೋಡೆಯ ಮೇಲೆ ಅವರ ಮದುವೆಯ ಫೋಟೋ ಇದೆ. ಅವ್ವ ಗೌನ್ ಹಾಕಿಲ್ಲ, ಬಿಳಿ ಸೀರೆ ಉಟ್ಟಿದ್ದಾಳೆ. ಬಡತನ ಬಂದರೂ ಬೇನೆ ಬಂದರೂ ಕೈ ಬಿಡೋದಿಲ್ಲ ಅಂತ ಅವತ್ತು ಸಭೆಯ ಮುಂದೆ ಇಬ್ಬರೂ ಒಪ್ಪಿಕೊಂಡದ್ದಕ್ಕೆ ಒಂದೆರಡು ನಿಮಿಷ ಹಿಡಿದಿರಬಹುದು. ಆ ಮಾತಿನ ಕಂತನ್ನು ಅವರು ಇವತ್ತಿಗೂ ಕಟ್ಟುತ್ತಿದ್ದಾರೆ. ಸೊಸೈಟಿಯ ಕಂತೂ ಇನ್ನೂ ಬಾಕಿ ಇದೆ. ಬಂಗಾರ ವಾಪಸ್ ಬಂದಿಲ್ಲ. ಲೆಕ್ಕದ ಪುಸ್ತಕ ಮಾತ್ರ ದಿನಾ ರಾತ್ರಿ ಮಷಿನ್ನಿನ ಮೇಲೆ ಬರುತ್ತೆ.

ಕ್ಯಾಂಟೀನಿನ ಗೆಳೆಯನಿಗೆ ಇದೇ ನಮ್ಮ ಉತ್ತರ. ಲವ್ವೋ ಅರೇಂಜ್ಡೋ, ಯಾವ ದೇವರ ಮುಂದೆಯೋ, ರಿಜಿಸ್ಟ್ರಾರ್ ಮುಂದೆಯೋ, ಕೇಕ್ ಕತ್ತರಿಸಿದ ಮೇಲೆ ಒಂದು ದಿನ ನೋಟಿಸು ಬರುತ್ತೆ. ಅವತ್ತು ಏನು ಮಾಡಬೇಕು ಅನ್ನೋದಕ್ಕೆ ನಮಗೆ ಸಿಕ್ಕಿದ್ದು ಇಷ್ಟೇ: ತಪ್ಪು ಮಾಡಿದವರು ದಿನಾ ಪುಸ್ತಕ ತಂದು ಇಡಬೇಕು, ನೊಂದವರು ಸುಳ್ಳು ಹೇಳಬಾರದು, ಆದರೂ ಎದ್ದು ಹೋಗದೆ ಪ್ರಾರ್ಥನೆಗೆ ಕೂತಿರಬೇಕು.

ಕಳೆದ ತಿಂಗಳು ನಮ್ಮಲ್ಲೊಬ್ಬರ ಮಿನಿ ಪ್ರಾಜೆಕ್ಟನ್ನು ಟೀಮಿನವನೇ ತನ್ನದು ಅಂತ ತೋರಿಸಿ ಮಾರ್ಕ್ಸ್ ತಗೊಂಡ. ಆ ಭಾನುವಾರ ಕಾಲ್‌ನಲ್ಲಿ ಆ ಸಾಲು ಬಂದಾಗ ಬಾಯಿ ಬರಲಿಲ್ಲ. ಸುಮ್ಮನಾಗಿ, ಮುಂದಿನ ಸಾಲಿಗೆ ಸೇರಿಕೊಂಡದ್ದಾಯಿತು. ಯಾರೂ ಗಮನಿಸಲಿಲ್ಲ ಅಂದ್ಕೊಂಡ್ವಿ. ಆಮೆನ್ ಆಯಿತು. ಅತ್ತಲಿಂದ ಅಜ್ಜಿಯ ದನಿ ಬಂತು:

"ಯಾಕ, ನೆಟ್‌ವರ್ಕ್ ಹೋತೇನು?"