ಗುಡ್ಡ, ಗದ್ದೆ, ಹುಲಿ-ಕುರಿ: ಬಳ್ಳಾರಿ ಸೀಮೆಯಲ್ಲಿ ಒಳ್ಳೆಯ ಆಟದ ಹುಡುಕಾಟ

ಬಿಸಿಲಿಗೂ ಬಂಡೆಗಲ್ಲಿಗೂ ಹೆಸರಾದ ಊರು ಬಳ್ಳಾರಿ. ನಗರದ ನಡುವೆ ಎದ್ದು ನಿಂತ ಕೋಟೆ ಗುಡ್ಡ, ಅದರ ಸುತ್ತ ಹಬ್ಬಿದ ಬೀದಿಗಳು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಆ ಬೀದಿಗಳಲ್ಲಿ ಜನರ ಸುಳಿವೇ ಕಡಿಮೆ. ಆ ಹೊತ್ತಿನಲ್ಲಿ ಮಕ್ಕಳು ಮನೆಯೊಳಗೆ ಏನು ಮಾಡುತ್ತಾರೆ? ಉತ್ತರ ಎಲ್ಲ ತಂದೆ-ತಾಯಿಗಳಿಗೂ ಗೊತ್ತು. ಮೊಬೈಲ್ ಹಿಡಿದು ಆಟ ಆಡುತ್ತಾರೆ. ಮೊಬೈಲ್ ಕಸಿದುಕೊಂಡರೆ ಅಳು, ಕೊಟ್ಟರೆ ಓದು ಹಾಳು. ಈ ಜಗಳ ಬಳ್ಳಾರಿಯಲ್ಲೂ ಇದೆ, ಸಿರುಗುಪ್ಪ, ಕುರುಗೋಡುಗಳಲ್ಲೂ ಇದೆ.

ಆದರೆ ಎಲ್ಲ ಆಟಗಳೂ ಒಂದೇ ಜಾತಿಯವಲ್ಲ. ಪುಕ್ಕಟೆಯಾಗಿ ಸಿಗುವ ಬಹುಪಾಲು ಮೊಬೈಲ್ ಆಟಗಳಿಗೆ ಮುಕ್ತಾಯವೆಂಬುದೇ ಇಲ್ಲ. ಜಾಹೀರಾತು ತೋರಿಸಿ, ನಡುನಡುವೆ ಬಣ್ಣದ ಅಂಗಿ, ಬಂದೂಕು ಮಾರಿ ಅವು ಹಣ ಗಳಿಸುತ್ತವೆ. ಆಡುವವನು ಹೆಚ್ಚು ಹೊತ್ತು ಕುಳಿತಷ್ಟೂ ಅವುಗಳಿಗೆ ಲಾಭ. ಪಣವಿಟ್ಟು ಆಡುವ ಆಟಗಳಂತೂ ಎಷ್ಟೋ ಮನೆಗಳನ್ನು ಸಾಲಕ್ಕೆ ದೂಡಿದವು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ತರಬೇಕಾಯಿತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯಿದೆ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರು ಅಥವಾ ಒಂದು ಸಣ್ಣ ತಂಡ ವರ್ಷಗಟ್ಟಲೆ ಕೂತು ಮಾಡಿದ ಆಟಗಳು ಅವು. ಸ್ವತಂತ್ರ ಆಟಗಳು, ರೂಢಿಯ ಮಾತಿನಲ್ಲಿ 'ಇಂಡಿ' ಆಟಗಳು ಎಂದು ಅವುಗಳಿಗೆ ಹೆಸರು. ಅವುಗಳಲ್ಲಿ ಒಳ್ಳೆಯವು ಪುಸ್ತಕದ ಹಾಗೆ. ಒಮ್ಮೆ ಕೊಂಡರೆ ಮುಗಿಯಿತು, ಮೊದಲಿದೆ, ಕೊನೆಯಿದೆ. ಪ್ರಚಾರಕ್ಕೆ ಹಣವಿಲ್ಲದ ಕಾರಣ ನಮ್ಮ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಇಂಥ ಕೆಲವು ಆಟಗಳನ್ನು ಬಳ್ಳಾರಿ ಸೀಮೆಯ ಮೂರು ಊರುಗಳ ದಾರಿಯಲ್ಲಿ ನೋಡಿದರೆ ಅವುಗಳ ಸೊಗಸು ಚೆನ್ನಾಗಿ ತಿಳಿಯುತ್ತದೆ.

ಎರಡು ನುಡಿಗಳ ಊರು

ಬಳ್ಳಾರಿಯ ಅಂಗಡಿ ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಭಾಷೆಯ ಆಧಾರದ ಮೇಲೆಯೇ ಹಂಚಲಾಯಿತು. ಬಳ್ಳಾರಿ, ಸಿರುಗುಪ್ಪ ಸೇರಿದಂತೆ ಏಳು ತಾಲ್ಲೂಕುಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ನಕ್ಷೆಯಲ್ಲಿ ಗೆರೆ ಎಳೆದರೂ ನಾಲಗೆಯ ಮೇಲೆ ಗೆರೆ ಎಳೆಯಲಾಗಲಿಲ್ಲ. ತೆಲುಗು ರಂಗಭೂಮಿಯ ಹೆಸರಾಂತ ನಟ ಬಳ್ಳಾರಿ ರಾಘವರು ಕನ್ನಡ ನಾಟಕಗಳಲ್ಲೂ ಅಭಿನಯಿಸಿದವರು.

ನಗರದ ಹೊರಗೆ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಲ್ಲಿ ಇನ್ನೂ ಹಳೆಯ ಒಂದು ಬರಹವಿದೆ. ಸಾವಿರಾರು ವರ್ಷಗಳ ಹಿಂದಿನ ನವಶಿಲಾಯುಗದ ಜನ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳು, ಮನುಷ್ಯರು. ಅಲ್ಲಿನ ಕೆಲವು ಕಲ್ಲುಗಳನ್ನು ಇನ್ನೊಂದು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ನಿಕೋಲ್ ಬೊಯ್ವಿನ್ ಎಂಬ ಸಂಶೋಧಕಿ 2004ರಲ್ಲಿ ಈ ನಾದದ ಕಲ್ಲುಗಳ ಬಗ್ಗೆ ಬರೆದು, ಕಲ್ಲು ಗಣಿಗಾರಿಕೆಯಿಂದ ಅವುಗಳಿಗಿರುವ ಅಪಾಯವನ್ನೂ ಜಗತ್ತಿಗೆ ತಿಳಿಸಿದರು. ಆ ಚಿತ್ರಗಳು ಏನು ಹೇಳುತ್ತವೆ? ಊಹಿಸಬೇಕು, ಹೋಲಿಸಬೇಕು, ಮತ್ತೆ ಊಹಿಸಬೇಕು.

'ಚಾಂಟ್ಸ್ ಆಫ್ ಸೆನ್ನಾರ್' ಎಂಬ ಆಟದ ಜೀವಾಳವೂ ಇದೇ. ಫ್ರಾನ್ಸಿನ ರನ್‌ಡಿಸ್ಕ್ ಎಂಬ ಪುಟ್ಟ ತಂಡ 2023ರಲ್ಲಿ ಇದನ್ನು ಹೊರತಂದಿತು. ಒಂದು ಮಹಾ ಗೋಪುರ. ಅದರ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಜನಾಂಗ, ಒಂದೊಂದು ಲಿಪಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆಡುವವನು ಬಾಗಿಲ ಮೇಲಿನ ಗುರುತು, ಜನರ ಕೈಸನ್ನೆ, ಗೋಡೆಯ ಚಿತ್ರ ನೋಡಿ ಪ್ರತಿ ಅಕ್ಷರಕ್ಕೂ ಅರ್ಥ ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಊಹೆ, ಪರೀಕ್ಷೆ, ತಿದ್ದುಪಡಿ: ವಿಜ್ಞಾನದ ಹಾದಿಯೂ ಇದೇ ಅಲ್ಲವೇ? ಕೊನೆಗೆ ಅವನ ಕೆಲಸ ಒಡೆದುಹೋದ ಜನರ ನಡುವೆ ದುಭಾಷಿಯಾಗುವುದು. ಎರಡು ನುಡಿಗಳ ನಡುವೆ ಬೆಳೆದ ಬಳ್ಳಾರಿಯ ಹುಡುಗನಿಗೆ ಇದರ ಮರ್ಮ ಯಾರೂ ವಿವರಿಸಬೇಕಿಲ್ಲ.

ಸಿರುಗುಪ್ಪದ ಗದ್ದೆ, ಜಪಾನಿನ ಗದ್ದೆ

ಬಳ್ಳಾರಿಯಿಂದ ಉತ್ತರಕ್ಕೆ ಸುಮಾರು 55 ಕಿ.ಮೀ. ಹೋದರೆ ಸಿರುಗುಪ್ಪ. ದಾರಿಯಲ್ಲಿ ತೆಕ್ಕಲಕೋಟೆ ದಾಟುವ ಹೊತ್ತಿಗೆ ಕಲ್ಲುಗುಡ್ಡಗಳ ನಡುವಿನಿಂದ ಹಸಿರು ತೆರೆದುಕೊಳ್ಳುತ್ತದೆ. ತುಂಗಭದ್ರೆಯ ದಡದ ಈ ಊರು ಭತ್ತದ ಗದ್ದೆಗಳಿಗೆ, ಅಕ್ಕಿ ಗಿರಣಿಗಳಿಗೆ ಹೆಸರುವಾಸಿ. ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ಸಿರುಗುಪ್ಪ, ದೇಶನೂರುಗಳ ಹೆಸರೂ ಇವೆ. ಇಲ್ಲಿ ನೀರೇ ಬದುಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರ ಎದೆ ಬಡಿದುಕೊಂಡಿದ್ದು ಅದಕ್ಕೇ.

ಇಲ್ಲಿನ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಗದ್ದೆಯಿದೆ. ಆದರೆ ಗದ್ದೆಗಿಳಿಯುವ ಆಸೆ ಕಡಿಮೆಯಾಗುತ್ತಿದೆ. ಅಂಥವರು ಆಡಬೇಕಾದ ಆಟ 'ಸಕುನಾ: ಆಫ್ ರೈಸ್ ಅಂಡ್ ರೂಯಿನ್'. ಜಪಾನಿನ ಎಡೆಲ್‌ವೈಸ್ ಎಂಬ ಪುಟ್ಟ ತಂಡ ಹಲವು ವರ್ಷ ದುಡಿದು 2020ರಲ್ಲಿ ಇದನ್ನು ಬಿಡುಗಡೆ ಮಾಡಿತು. ಸುಗ್ಗಿಯ ದೇವತೆಯೊಬ್ಬಳು ದೆವ್ವಗಳ ದ್ವೀಪಕ್ಕೆ ಗಡೀಪಾರಾಗುತ್ತಾಳೆ. ದೆವ್ವಗಳೊಡನೆ ಹೋರಾಟ ಇದೆ, ನಿಜ. ಆದರೆ ಆಕೆಗೆ ಬಲ ಬರುವುದು ಕತ್ತಿಯಿಂದಲ್ಲ, ತಾನೇ ಬೆಳೆದ ಅಕ್ಕಿಯಿಂದ! ನೆಲ ಅಗೆದು, ಸಸಿ ನಾಟಿ ಮಾಡಿ, ಕಳೆ ಕಿತ್ತು, ಗೊಬ್ಬರ ಹದಮಾಡಿ, ಕೊಯ್ದು, ಒಣಗಿಸಿ, ಒಕ್ಕಿ, ಹೊಟ್ಟು ಬಿಡಿಸಬೇಕು. ಸಸಿಗಳ ನಡುವೆ ಅಂತರ ಎಷ್ಟು, ಯಾವ ಹಂತದಲ್ಲಿ ನೀರು ಎಷ್ಟು ನಿಲ್ಲಿಸಬೇಕು, ಎಂದು ಬಸಿಯಬೇಕು ಎಂಬುದೆಲ್ಲ ಫಸಲಿನ ಮೇಲೆ ಪರಿಣಾಮ ಬೀರುತ್ತದೆ. ಆಟಗಾರರು ಗೆಲ್ಲುವ ದಾರಿ ಹುಡುಕುತ್ತ ಜಪಾನಿನ ಕೃಷಿ ಸಚಿವಾಲಯದ ಜಾಲತಾಣಕ್ಕೆ ಹೋಗಿ ಭತ್ತದ ಪಾಠ ಓದಿದ್ದು ಆಗ ದೊಡ್ಡ ಸುದ್ದಿಯಾಯಿತು.

ಗದ್ದೆಯಲ್ಲಿ ನೀರು ಯಾಕೆ ನಿಲ್ಲಿಸುತ್ತಾರೆ? ನಿಂತ ನೀರು ಕಳೆಯನ್ನು ಅಡಗಿಸುತ್ತದೆ, ರಾತ್ರಿಯ ಚಳಿಯಿಂದ ಸಸಿಯನ್ನು ಕಾಯುತ್ತದೆ. ಭತ್ತದ ಕಾಂಡದಲ್ಲಿ ಗಾಳಿ ಸಾಗುವ ಪೊಳ್ಳು ಜಾಗಗಳಿರುವುದರಿಂದ ಬೇರಿಗೆ ಉಸಿರು ಕಟ್ಟುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿ ಮರೆಯುವ ಹುಡುಗ, ಆಟದಲ್ಲಿ ಎರಡು ಬೆಳೆ ಕಳೆದುಕೊಂಡ ಮೇಲೆ ಬದುವಿನ ಮೇಲೆ ನಿಂತ ತನ್ನ ಅಪ್ಪನನ್ನೇ ಕೇಳಿಯಾನು. ಆ ಒಂದು ಪ್ರಶ್ನೆಗೆ ಆಟದ ಬೆಲೆ ಕೊಡಬಹುದು.

ಅಕ್ಕಿ ಇಡ್ಲಿಯಾಗುವ ಕಥೆಗೆ ಇನ್ನೊಂದು ಆಟವಿದೆ. ಕೆನಡಾದ ಟೊರಾಂಟೊದಲ್ಲಿ ವಿಸೈ ಗೇಮ್ಸ್ ತಂಡ ಮಾಡಿದ 'ವೆಂಬಾ' (2023). ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದು ಮಾಸಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಹಂತಗಳನ್ನು ಊಹಿಸಿ ಅಡುಗೆ ಮಾಡುತ್ತಾಳೆ. ಮಗ ಅವಳ ನುಡಿಯಿಂದ ದೂರ ಸರಿಯುತ್ತಾನೆ. ಒಂದು ಸಿನಿಮಾ ನೋಡುವಷ್ಟು ಹೊತ್ತಿನೊಳಗೆ ಮುಗಿಯುತ್ತದೆ. ತಾಯಿ-ಮಕ್ಕಳು ಜೊತೆಗೆ ಕೂತು ಆಡತಕ್ಕ ಆಟ.

ಕುರುಗೋಡಿನ ಕಲ್ಲು

ಸಿರುಗುಪ್ಪದಿಂದ ಮರಳಿ, ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು 30 ಕಿ.ಮೀ. ಸಾಗಿದರೆ ಕುರುಗೋಡು. ಒಂದು ಕಾಲಕ್ಕೆ ಸಿಂದ ಅರಸರ ನೆಲೆ. ಬಂಡೆಗಳ ಬೆಟ್ಟ, ಕೋಟೆಯ ಅವಶೇಷ, ಚಾಲುಕ್ಯ ಶೈಲಿಯ ಹಳೆಯ ಗುಡಿಗಳು, ಭಕ್ತರನ್ನು ಸೆಳೆಯುವ ದೊಡ್ಡಬಸವೇಶ್ವರ. ಕಲ್ಲೇ ಇಲ್ಲಿನ ಪುಸ್ತಕ.

ನಮ್ಮ ಸೀಮೆಯ ಕಲ್ಲು ದೇವರನ್ನಷ್ಟೇ ಅಲ್ಲ, ಆಟವನ್ನೂ ಹೊತ್ತಿದೆ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯಲ್ಲಿ ಮಂಟಪದ ಜಗಲಿ, ಬಂಡೆಗಳ ಮೇಲೆ ಕೊರೆದ ಆಟದ ಮನೆಗಳು ಹೇರಳ. ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಅವುಗಳ ಬಗ್ಗೆ 2007ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಹುಲಿ-ಕುರಿ ಆಟದ ತ್ರಿಕೋನವೂ ಉಂಟು. 23 ಬಿಂದುಗಳು, ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನಬಹುದು. ಕುರಿಗೆ ಆ ಹಕ್ಕಿಲ್ಲ. ಆದರೆ ಕುರಿಗಳು ಒಂದಕ್ಕೊಂದು ಬೆನ್ನಾಗಿ ನಿಂತರೆ ಹುಲಿ ಕದಲದಂತೆ ಕಟ್ಟಿಹಾಕಬಹುದು. ಬಲವಿಲ್ಲದವರು ಒಗ್ಗಟ್ಟಿನಿಂದ ಗೆಲ್ಲುವ ಈ ಲೆಕ್ಕಾಚಾರವನ್ನು ಯಾವ ಕಂಪನಿಯೂ ಮಾಡಲಿಲ್ಲ, ಯಾರೂ ಮಾರಲಿಲ್ಲ. ಸ್ವತಂತ್ರ ಆಟವೆಂದರೆ ಇದಕ್ಕಿಂತ ಬೇರೆ ಬೇಕೇ? ಸೀಮೆಸುಣ್ಣ, ಹುಣಸೆ ಬೀಜ, ನಾಲ್ಕು ಬೆಣಚುಕಲ್ಲು ಇದ್ದರೆ ಸಾಕು. ಕಂಪ್ಯೂಟರ್ ಇಲ್ಲದ ಮನೆಗೂ ಇದು ದಕ್ಕುತ್ತದೆ.

ಪೋಷಕರು ಆಟ ಬೇಡವೆನ್ನುವ ಮೊದಲು ಮೂರು ಪ್ರಶ್ನೆ ಕೇಳಲಿ. ಇದನ್ನು ಮಾಡಿದವರು ಯಾರು? ಇದು ಹಣ ಗಳಿಸುವುದು ಹೇಗೆ? ಇದಕ್ಕೆ ಕೊನೆಯಿದೆಯೇ? ಉತ್ತರ ಸಮಾಧಾನಕರವಾದರೆ ಹೊತ್ತು ಗೊತ್ತುಮಾಡಿ, ಒಂದು ದಿನ ಪಕ್ಕದಲ್ಲಿ ಕೂತು ತಾವೂ ಆಡಲಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಜಪಾನಿನವರು ತಮ್ಮ ಗದ್ದೆಯನ್ನು ಆಟ ಮಾಡಿದರು. ವಲಸೆ ಹೋದ ತಮಿಳರು ತಮ್ಮ ಅಡುಗೆಮನೆಯನ್ನು ಆಟ ಮಾಡಿದರು. ಪುಣೆಯ ನಾಡಿಂಗ್ ಹೆಡ್ಸ್ ತಂಡ ನಮ್ಮ ಪುರಾಣಗಳನ್ನು ಬಳಸಿ 2020ರಲ್ಲಿ 'ರಾಜಿ' ಎಂಬ ಆಟ ಕಟ್ಟಿತು. ಕಪ್ಪಗಲ್ಲಿನ ನಾದದ ಬಂಡೆ, ಸಿರುಗುಪ್ಪದ ಕಾಲುವೆ, ಕುರುಗೋಡಿನ ಕೋಟೆ ತಮ್ಮ ಆಟಗಾರನಿಗಾಗಿ ಕಾಯುತ್ತಿವೆ. ಅವುಗಳನ್ನು ಮೊದಲು ಕಣ್ಣಾರೆ ನೋಡಿ ಬನ್ನಿ. ಆಟ ಆಮೇಲೆ ಹುಟ್ಟೀತು.