ಅಕ್ಕನ ಸೈಕಲ್ಲು, ಅಪ್ಪನ ಲೆಕ್ಕ

ಕೇರಳದ ಆಲಪ್ಪುಳ, ಕುಮರಕೋಮ್ ಕಡೆಗೆ ಹೋದವರು ಒಂದು ದೃಶ್ಯವನ್ನು ಕಂಡಿರುತ್ತಾರೆ. ಹಿನ್ನೀರಿನ ಅಂಚಿನ ಕಿರಿದಾದ ದಾರಿಗಳಲ್ಲಿ ಪರದೇಶದ ಜನ ಬಾಡಿಗೆ ಸೈಕಲ್ಲು ಹತ್ತಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿರುತ್ತಾರೆ. ತೆಂಗಿನ ತೋಟ, ಗದ್ದೆ, ದೋಣಿ, ಬಾಗಿಲಲ್ಲಿ ಕುಳಿತ ಮುದುಕಿ, ಎಲ್ಲವನ್ನೂ ನಿಂತು ನೋಡುತ್ತಾರೆ. ಅದಕ್ಕಾಗಿಯೇ ಸಾವಿರಾರು ಮೈಲಿ ದೂರದಿಂದ ಬಂದಿರುತ್ತಾರೆ. ಅಂಥ ನೀರು, ಅಂಥ ದಾರಿ ದಾವಣಗೆರೆ ಜಿಲ್ಲೆಯಲ್ಲೂ ಇದೆ ಎಂದರೆ ಜಗಳೂರಿನವರು ನಗಬಹುದು. ಅವರ ನಗೆಗೆ ಕಾರಣವೂ ಇದೆ. ಒಂದೇ ಜಿಲ್ಲೆಯಾದರೂ ಚನ್ನಗಿರಿಯ ನೀರಿಗೂ ಜಗಳೂರಿನ ನೀರಿಗೂ ಅಜಗಜಾಂತರ.

ಈ ಜಿಲ್ಲೆಯಾದರೂ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದು ಒಂದಾಗಿಸಿದ ಈ ಊರುಗಳನ್ನು ನೀರು ಹೇಗೆ ಒಂದಾಗಿಸುತ್ತದೆ ಎಂಬುದು ಒಬ್ಬ ತಂದೆಗೂ ಮಗಳಿಗೂ ಒಂದೇ ದಿನದಲ್ಲಿ ತಿಳಿದುಬಂತು. ಅದೂ ಸೈಕಲ್ಲಿನ ಮೇಲೆ.

ತಂದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ರೈತ. ಏಳನೆಯ ತರಗತಿಯವರೆಗೆ ಓದಿದವನು. ನಾಲ್ಕು ಎಕರೆ ಹೊಲ, ಅದರಲ್ಲಿ ಮೆಕ್ಕೆಜೋಳ. ಮಗಳು ಹತ್ತನೆಯ ತರಗತಿ. ಮನೆಯಲ್ಲಿ ತುಂಬಿ ಹರಿಯುವ ಹೊಳೆಯನ್ನು ಕಣ್ಣಾರೆ ಕಾಣದವಳು ಅವಳೊಬ್ಬಳೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ತೊಂಬತ್ತು ದಾಟಿದರೆ ದಸರಾ ರಜೆಯಲ್ಲಿ ದೊಡ್ಡ ನೀರು ತೋರಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಅವಳು ತೊಂಬತ್ತೆರಡು ತಂದಳು. ಮಾತಿಗೆ ತಪ್ಪುವಂತಿರಲಿಲ್ಲ.

ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲಿ ನೀರು ಕಂಡು ಮರೆಯಾಗುತ್ತದೆ, ಸೈಕಲ್ಲಿನಲ್ಲೇ ಹೋಗೋಣ ಎಂದು ಹಟ ಹಿಡಿದವಳು ಮಗಳು. ಅವಳ ಸೈಕಲ್ಲನ್ನು ಖಾಸಗಿ ಬಸ್ಸಿನ ಟಾಪಿಗೆ ಕಟ್ಟಿ ಚನ್ನಗಿರಿ ಸಮೀಪದ ಅತ್ತೆಯ ಮನೆಗೆ ಬಂದರು. ಅಪ್ಪನಿಗೆ ಭಾವನ ಹಳೆಯ ಅಟ್ಲಾಸ್ ಸಿಕ್ಕಿತು. ಮರುದಿನ ಸಂಜೆಯೊಳಗೆ ನ್ಯಾಮತಿ ಮುಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿ ದೊಡ್ಡ ಮಗಳ ಮನೆ.

ಮಗಳ ಸೈಕಲ್ಲಿನ ಕಥೆಯನ್ನೂ ಇಲ್ಲಿ ಹೇಳಬೇಕು. ಅದು ಅಕ್ಕನದು. ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾಗಿತ್ತು. ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ಲು ಕಲಿತದ್ದು ದೇಶವೆಲ್ಲ ಮಾತಾಡಿಕೊಂಡ ಸಂಗತಿ. ಓದಿಗೂ ಸೈಕಲ್ಲಿಗೂ ಅಂಥ ನಂಟು. ಅಕ್ಕ ಆ ಸೈಕಲ್ಲಿನಲ್ಲಿ ಎರಡು ಊರು ದಾಟಿ ಪ್ರೌಢಶಾಲೆಗೆ ಹೋದಳು, ಹತ್ತನೆಯದರಲ್ಲಿ ಪಾಸಾದಳು. ಅದು 2017ರ ಬೇಸಿಗೆ. ಬರಗಾಲದ ವರ್ಷ. ಮನೆಯಲ್ಲಿದ್ದ ಹಣವೂ ಸಾಲದ ಹಣವೂ ಸೇರಿ ಕೊಳವೆಬಾವಿಗೆ ಹೋಯಿತು. ಐನೂರು ಅಡಿಯಲ್ಲಿ ಬಂದದ್ದು ಧೂಳು. ಅಕ್ಕನ ಓದು ಅಲ್ಲಿಗೇ ನಿಂತಿತು. ಎರಡು ವರ್ಷ ಬಿಟ್ಟು ಕೊರೆಸಿದ ಎರಡನೆಯದು ಮೂರು ಬೇಸಿಗೆ ನೀರು ಕೊಟ್ಟು ಬತ್ತಿತು. ಈಗ ಮೂರನೆಯದಕ್ಕೆ ಅಪ್ಪ ಹಣ ಕೂಡಿಸುತ್ತಿದ್ದಾನೆ. ತಂಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದರೂ ಎಲ್ಲರಿಗೂ ಗೊತ್ತಿದ್ದ ಸಂಗತಿ ಇದು.

ಅತ್ತೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರು ಬೆಳಗಿನ ಜಾವಕ್ಕೇ ಕುಳಿತಿದ್ದರು. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಪ್ಪ ಅದನ್ನೇ ನೋಡುತ್ತ ನಿಂತ. ಅವನ ಕನಸೂ ಅದೇ. ಮೂರನೆಯ ಬಾವಿಯಲ್ಲಿ ನೀರು ಬಿದ್ದರೆ ಒಂದು ಎಕರೆ ಅಡಿಕೆ ಹಾಕಬೇಕು.

"ಅಣ್ಣ, ರೊಟ್ಟಿ ಕಟ್ಟಿದೀನಿ, ಬಿಸಿಲೇರೋದ್ರೊಳಗೆ ಹೊರಡ್ರಿ" ಎಂದಳು ಅತ್ತೆ.

ಸೂಳೆಕೆರೆ ಸಮೀಪಿಸಿದಂತೆ ಗಾಳಿಯೇ ಬದಲಾಯಿತು. ತಿರುವೊಂದರಲ್ಲಿ ನೀರು ಕಂಡಾಗ ಮಗಳು ಬ್ರೇಕು ಹಾಕಿ ನಿಂತುಬಿಟ್ಟಳು. ಆಚೆಯ ದಡ ಮಬ್ಬಿನಲ್ಲಿ ಕರಗಿತ್ತು. ಬೆಳ್ಳಕ್ಕಿಗಳ ಸಾಲು, ತೆಪ್ಪದಲ್ಲಿ ಬಲೆ ಎಳೆಯುವ ಬೆಸ್ತರು, ನೀರಿನಂಚಿಗೆ ಇಳಿದುಹೋದ ಹಳ್ಳಿಯ ಹಾದಿಗಳು.

"ಇದು ಸಮುದ್ರನಾ ಅಪ್ಪಾ?"

"ಕೆರೆ ಕಣವ್ವ. ಮನುಷ್ಯರು ಕಟ್ಟಿದ್ದು."

ಶಾಂತಿಸಾಗರವೆಂದೂ ಹೆಸರಿರುವ ಈ ಕೆರೆ ಸುಮಾರು ಎಂಟುನೂರು ವರ್ಷಕ್ಕೂ ಹಳೆಯದು. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರ್ ಇದರ ಸುತ್ತಳತೆಯನ್ನು 40 ಮೈಲಿ ಎಂದು ದಾಖಲಿಸಿದೆ. ಆದರೆ ಏರಿ ಮಾತ್ರ ಸುಮಾರು 950 ಅಡಿ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ದಪ್ಪನೆಯ ಗೋಡೆಯದು. ನೀರು ಬಿಡಲು ಎರಡು ತೂಬುಗಳು. ಒಂದಕ್ಕೆ ಸಿದ್ದನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು. ಚಿತ್ರದುರ್ಗ ನಗರದ ಜನ ಕುಡಿದ ನೀರೂ ಇಲ್ಲಿಂದಲೇ ಹೋಗಿದೆ.

ಏರಿಯ ಮೇಲೆ ಸೈಕಲ್ಲು ತಳ್ಳಿಕೊಂಡು ನಡೆಯುವಾಗ ಅಪ್ಪನಿಗೆ ಒಂದು ಅನುಮಾನ ಬಂತು. ಮೈಲಿಗಟ್ಟಲೆ ಹಬ್ಬಿದ ಈ ನೀರೆಲ್ಲ ಬಂದು ಒತ್ತಿದರೆ ಇಷ್ಟು ಚಿಕ್ಕ ಏರಿ ಹೇಗೆ ತಡೆದೀತು? ಮಗಳಿಗೆ ಇದು ಗೊತ್ತಿದ್ದ ಪಾಠ. ದ್ರವದ ಒತ್ತಡ ಅದರ ಆಳವನ್ನು ಅವಲಂಬಿಸುತ್ತದೆ, ಹರವನ್ನಲ್ಲ. ಹಿಂದೆ ಒಂದು ಮೈಲಿ ನೀರಿರಲಿ, ಹತ್ತು ಮೈಲಿ ನೀರಿರಲಿ, ಅದೇ ಆಳವಿದ್ದರೆ ಏರಿಯ ಮೇಲೆ ಬೀಳುವ ಒತ್ತಡವೂ ಅಷ್ಟೇ. ತಳದಲ್ಲಿ ಒತ್ತಡ ಹೆಚ್ಚು, ಆದ್ದರಿಂದಲೇ ಏರಿ ಕೆಳಗೆ ದಪ್ಪ, ಮೇಲೆ ತೆಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರೆ ಗೋಡೆ ದೊಡ್ಡದಾಗಬೇಕಿಲ್ಲ, ಜಾಗ ಸರಿಯಾಗಿರಬೇಕು ಅಂದಂಗಾಯ್ತು" ಎಂದ. ಏಳನೆಯ ತರಗತಿ ಓದಿದವನು ಮಗಳ ಪಾಠವನ್ನು ಒಂದೇ ವಾಕ್ಯಕ್ಕೆ ಇಳಿಸಿದ್ದ. ನೆಲದ ಇಳಿಜಾರು ನೋಡಿ ಬದುಕು ಹಾಕಿದ ಕೈಗೆ ಇದು ಕಷ್ಟದ ಮಾತಲ್ಲ.

ಬಸವಾಪಟ್ಟಣ ದಾಟುವಷ್ಟರಲ್ಲಿ ಮಗಳ ಹಿಂದಿನ ಚಕ್ರ ಪಂಕ್ಚರಾಯಿತು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಡನ್‌ಲಪ್ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲಿ ಎಂದು ಮಾಡಿದ ಉಪಾಯ ಲೋಕಕ್ಕೆಲ್ಲ ಉಪಯೋಗವಾಯಿತು. ಆದರೆ ಗಾಳಿ ಇದ್ದ ಕಡೆ ಪಂಕ್ಚರೂ ಇರುತ್ತದೆ. ರಸ್ತೆ ಬದಿಯ ಸೈಕಲ್ ಶಾಪಿನ ಮುದುಕ ಟ್ಯೂಬು ಬಿಚ್ಚಿ, ಗಾಳಿ ಹೊಡೆದು, ಬಾಣಲೆಯ ನೀರಿನಲ್ಲಿ ಅದ್ದಿ ತಿರುಗಿಸಿದ. ಒಂದು ಕಡೆ ಗುಳ್ಳೆ ಎದ್ದಿತು. ಇನ್ನೊಂದು ಕಡೆಯೂ ಎದ್ದಿತು.

"ದಾರಿಯಾಗೆ ಎರಡು ಸಲ ಗಾಳಿ ಹೊಡೆದ್ವಿ, ನಿಲ್ಲಲಿಲ್ಲ" ಎಂದ ಅಪ್ಪ.

"ಎಷ್ಟು ಹೊಡೆದರೇನ್ರಿ ಯಜಮಾನ್ರೇ? ಸೋರೋದನ್ನ ಮೊದಲು ನಿಲ್ಲಿಸಬೇಕು. ಆಮೇಲೆ ತುಂಬೋದು."

ಮುದುಕ ಹೇಳಿದ್ದು ಟ್ಯೂಬಿನ ವಿಷಯ. ಆದರೆ ಅಪ್ಪ ಅಲ್ಲಿಂದ ಮುಂದೆ ಬಹಳ ದೂರ ಮಾತಾಡಲಿಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಭತ್ತ ತೆನೆ ಹಾಯುತ್ತಿತ್ತು. ಕಾಲುವೆಯ ಪಕ್ಕದಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೀಯಿಸುವ ಹುಡುಗರು. ಎದುರುಗಾಳಿಗೆ ಇಬ್ಬರೂ ತಲೆ ತಗ್ಗಿಸಿ ತುಳಿದರು. ಒಂದು ಊರಿನ ಹುಣಸೆಮರದ ಕೆಳಗೆ ರೊಟ್ಟಿ ಬಿಚ್ಚಿದಾಗ ಎದುರುಮನೆಯ ಹೆಂಗಸು ಕೇಳದೆಯೇ ಮಜ್ಜಿಗೆ ತಂದುಕೊಟ್ಟಳು. "ಜಗಳೂರಿಂದ ಸೈಕಲ್ನಾಗ ಬಂದೀರಾ!" ಎಂದು ಮಗಳ ಕಾಲು ನೋಡಿದಳು. ಬಸ್ಸಿನಲ್ಲಿ ಹೋದವರಿಗೆ ಈ ಮಜ್ಜಿಗೆ ಸಿಕ್ಕುವುದಿಲ್ಲ.

ಮೂರು ಗಂಟೆಯ ಸುಮಾರಿಗೆ ತುಂಗಭದ್ರೆಯ ಸೇತುವೆ ಸಿಕ್ಕಿತು. ಆಚೆ ದಡದಲ್ಲಿ ಹೊನ್ನಾಳಿ. ಪಶ್ಚಿಮ ಘಟ್ಟದಲ್ಲಿ ಬೇರೆ ಬೇರೆಯಾಗಿ ಹರಿದ ತುಂಗೆ, ಭದ್ರೆಯರು ಶಿವಮೊಗ್ಗ ತಾಲ್ಲೂಕಿನ ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತಾರೆ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು. ಮಗಳು ಕಟಾಂಜನಕ್ಕೆ ಒರಗಿ ನೋಡಿದಳು, ನೋಡುತ್ತಲೇ ಇದ್ದಳು.

"ಇದು ಎಲ್ಲಿಗೆ ಹೋಗ್ತದಪ್ಪಾ?"

"ಹರಿಹರಕ್ಕೆ."

ಮಗಳು ಥಟ್ಟನೆ ತಿರುಗಿದಳು. ಸೂಳೆಕೆರೆಯಿಂದ ಹೊರಟ ಹರಿದ್ರಾ ತುಂಗಭದ್ರೆಯನ್ನು ಸೇರುವುದೂ ಹರಿಹರದ ಬಳಿಯೇ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಹೊಳೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ ಕೆರೆಗಳಿಗೆ ಹರಿಸುವುದೇ 57 ಕೆರೆಗಳ ಯೋಜನೆ. ಪಕ್ಕದೂರಿನ ಕೆರೆಗೆ ಪೈಪಿನಲ್ಲಿ ನೀರು ಬಿದ್ದ ದಿನ ಅವಳ ಶಾಲೆಯ ಮಕ್ಕಳೆಲ್ಲ ಹೋಗಿ ನೋಡಿದ್ದರು. ಕೆಲವರು ಕೈಮುಗಿದಿದ್ದರು. ಬೆಳಿಗ್ಗೆ ಕಂಡ ನೀರು, ಈಗ ಕಾಣುತ್ತಿರುವ ನೀರು ಎರಡೂ ಕೂಡಿ ತಮ್ಮ ಸೀಮೆಯ ಕಡೆಗೇ ಹೊರಟಿವೆ! ಭೂಪಟದಲ್ಲಿ ನೀಲಿ ಗೆರೆಯಾಗಿದ್ದದ್ದು ಅವಳ ಕಾಲಿನ ನೋವಿನ ಜೊತೆ ಸೇರಿ ಈಗ ಅರ್ಥವಾಯಿತು.

"ಆ ಕೆರೆ ತುಂಬಿದ ಮೇಲೆ ಅದರ ಕೆಳಗಿನ ಬಾವಿಗಳಿಗೆ ನೀರು ಬಂತಂತೆ ಅಪ್ಪಾ. ನೀರು ನಿಂತ ಕಡೆ ಇಂಗ್ತದೆ. ನಾವು ನಿಲ್ಲಿಸೋದೇ ಇಲ್ಲ, ಬರೀ ಎತ್ತೋದು. ಮೂರನೇದು ಕೊರೆಸಿದ್ರೂ..."

ಮಾತು ಅರ್ಧಕ್ಕೇ ನಿಂತಿತು. ಅದು ಮಗಳು ಆಡಬಾರದ ಮಾತು ಎಂಬ ಹೆದರಿಕೆ ಅವಳಿಗೆ. ಅಪ್ಪ ಸಿಟ್ಟಾಗಲಿಲ್ಲ. "ಸೋರೋದನ್ನ ಮೊದಲು ನಿಲ್ಲಿಸಬೇಕು, ಅಲ್ವಾ?" ಎಂದು ಸೈಕಲ್ಲು ಹತ್ತಿದ.

ನ್ಯಾಮತಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಿಗೆ ಬಂದ ಅಕ್ಕ ಮೊದಲು ನೋಡಿದ್ದು ತಂಗಿಯನ್ನಲ್ಲ, ಸೈಕಲ್ಲನ್ನು. ಹ್ಯಾಂಡಲ್ಲು ಸವರಿದಳು, ಬೆಲ್ಲು ಬಾರಿಸಿ ನೋಡಿದಳು. ಬಾರಿಸಿತು.

ಊಟಕ್ಕೆ ಕುಳಿತಾಗ ಅಪ್ಪ ತನ್ನ ಲೆಕ್ಕ ಹೇಳಿದ. ಹೊಲದ ಮೂಲೆಯಲ್ಲಿ ಮಳೆಯ ನೀರೆಲ್ಲ ಹರಿದುಹೋಗುವ ತಗ್ಗಿದೆ. ಅಲ್ಲಿ ಕೃಷಿ ಹೊಂಡ ತೋಡಿಸುವುದು. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಲ್ಲಿ ನೆರೆಹೊಲದವರು ತೋಡಿಸಿದ್ದಾರೆ, ಸಹಾಯಧನದ ವಿಷಯ ಕೃಷಿ ಇಲಾಖೆಯಲ್ಲಿ ವಿಚಾರಿಸಬೇಕು. ಹೊಂಡದ ನೀರಿಗೆ ಅಡಿಕೆ ಆಗುವುದಿಲ್ಲ, ಅದನ್ನು ಮರೆಯುವುದೇ ಸರಿ. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳಕ್ಕೆ ಒಂದೆರಡು ನೀರು ಸಿಕ್ಕರೆ ಸಾಕು. ಬಾವಿಯ ಹಣದಲ್ಲಿ ಮಿಕ್ಕದ್ದು ಕಿರಿಯವಳ ಪಿಯುಸಿಗೆ, ದಾವಣಗೆರೆಯ ಹಾಸ್ಟೆಲಿಗೆ.

ಯಾರೂ ಮಾತಾಡಲಿಲ್ಲ. ಕಿರಿಯವಳು ತಟ್ಟೆ ನೋಡುತ್ತಿದ್ದಳು. ದೊಡ್ಡವಳು ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಏಳೆಂಟು ವರ್ಷದ ಹಿಂದೆ ಈ ಲೆಕ್ಕ ಬಂದಿದ್ದರೆ ಎಂಬ ಮಾತು ಆ ಮನೆಯಲ್ಲಿ ಸುಳಿದುಹೋದದ್ದು ಅಪ್ಪನಿಗೂ ತಿಳಿಯಿತು.

"ನಿನಗೆ ಅನ್ಯಾಯ ಆತು ಕಣವ್ವ" ಎಂದ. ತಂದೆಯರು ಮಕ್ಕಳ ಮುಂದೆ ಹೀಗೆ ಹೇಳುವುದು ಅಪರೂಪ.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ಆಗಿದ್ದು ಆತು ಬಿಡಪ್ಪ. ನಾನೂ ಪಿಯುಸಿ ಹೊರಗಿನಿಂದ ಕಟ್ಟಬೇಕು ಅಂತಿದೀನಿ. ಇವರೂ ಒಪ್ಯಾರೆ. ಇವಳು ಹಾಸ್ಟೆಲಿಗೆ ಹೋದ್ಮೇಲೆ ಸೈಕಲ್ಲು ನನಗೆ ಬೇಕು."

"ಮಾರ್ಚಿ ಮುಗೀಲಿ. ನಾನೇ ತುಳಕೊಂಡು ತಂದುಕೊಡ್ತೀನಿ" ಎಂದ ಅಪ್ಪ.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿದ್ದರೂ ಅವನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಮಕ್ಕಳಿಬ್ಬರೂ ಪಕ್ಕದಲ್ಲಿ ನಿಂತು ಪೆಡಲು ತಿರುಗಿಸುತ್ತಿದ್ದರು.