ಕೆಡ್ಡಸ ಮತ್ತು ಹಿಂಸಾದಾನ

ತುಳುನಾಡಿನ ಚಳಿಗಾಲದ ಹಬ್ಬಗಳಲ್ಲಿ ಕೆಡ್ಡಸಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ತುಳುವರ ಪುಯಿಂತೆಲ್ ತಿಂಗಳು, ಎಂದರೆ ಮಕರ ಮಾಸ, ಮುಗಿಯುವ ಹೊತ್ತಿಗೆ, ಫೆಬ್ರವರಿಯ ಎರಡನೆಯ ವಾರದಲ್ಲಿ, ಈ ಹಬ್ಬವು ಮೂರು ದಿನಗಳ ಕಾಲ ನಡೆಯುತ್ತದೆ. ಈ ದಿನಗಳಲ್ಲಿ ಭೂಮಿತಾಯಿ ಋತುಮತಿಯಾಗುತ್ತಾಳೆಂಬುದು ಜನರ ನಂಬಿಕೆ. ಆದುದರಿಂದ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ, ಹಸುರು ಮರ ಕಡಿಯುವುದಿಲ್ಲ. ಕಡೆಯ ದಿನ ತುಳಸೀಕಟ್ಟೆಯ ಬಳಿ ಎಣ್ಣೆ, ಸೀಗೆ, ಕುಂಕುಮ, ಬಾಚಣಿಗೆ, ಕನ್ನಡಿಗಳನ್ನಿಟ್ಟು, ನೆಲಕ್ಕೆ ಎಣ್ಣೆ ಬಿಟ್ಟು, ಭೂಮಿಗೆ ಸ್ನಾನದ ಉಪಚಾರ ಮಾಡುವರು.

ಪುತ್ತೂರು, ಸುಳ್ಯ, ಕಡಬದ ಕಡೆಯ ಚಳಿ ಘಟ್ಟದ ಮೇಲಿನ ಚಳಿಯಂಥದಲ್ಲ. ಬೆಳಗಿನ ಜಾವ ತೋಟದ ಮೇಲೆ ತೆಳುವಾದ ಮಂಜು, ಬಿಸಿಲೇರಿದ ಮೇಲೆ ಅಂಗಳದ ತುಂಬ ಒಣಗುವ ಅಡಿಕೆ, ಇಷ್ಟೇ ನಮ್ಮ ಚಳಿಗಾಲ. ಆದರೆ ಊಟದ ಎಲೆಯಲ್ಲಿ ಋತುವಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ನೆರೆಹೊರೆಯ ಮನೆಗಳಲ್ಲಿ ಗೆಣಸು, ಕೆಸು, ಸುವರ್ಣಗಡ್ಡೆಗಳ ಕಾಲ ಅದು. ಕಂದಮೂಲ ವರ್ಜಿಸಿದ ನಮ್ಮ ಮನೆಯಲ್ಲಿ ಹುರುಳಿ, ಅವಡೆ, ನುಗ್ಗೆಗಳ ಕಾಲ. ಕೆಡ್ಡಸಕ್ಕೆ ಊರಿನವರು ನುಗ್ಗೆ ಮತ್ತು ಬದನೆ ಕೂಡಿಸಿ ಪದಾರ್ಥ ಮಾಡುವರು. ಬದನೆ ಬಹುಬೀಜವೆಂದು ನಮ್ಮ ತಾಯಿಯವರು ಅದನ್ನು ಬಿಟ್ಟು ನುಗ್ಗೆಯೊಂದನ್ನೇ ಬೇಯಿಸುತ್ತಿದ್ದರು. ಆದರೆ ಎರಡೂ ಕಡೆಗೆ ಸಲ್ಲುವ ಒಂದು ತಿನಿಸಿತ್ತು. ಅದೇ ಕುಡುಅರಿ. ಕುಚ್ಚಲಕ್ಕಿಯನ್ನೂ ಕುಡುವನ್ನೂ, ಎಂದರೆ ಹುರುಳಿಯನ್ನೂ, ಬೇರೆ ಬೇರೆಯಾಗಿ ಹುರಿದು, ಬೆಲ್ಲ ಮತ್ತು ತೆಂಗಿನತುರಿ ಬೆರೆಸಿದರೆ ಆಯಿತು. ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದ ಬಳಿಕ ಉಳಿದ ತೇವದಲ್ಲೇ ಬೆಳೆದ ಹುರುಳಿ ಅದು. ಚಳಿಗಾಲದಲ್ಲಿ ಸೂರ್ಯ ಬೇಗನೆ ಮುಳುಗುವುದರಿಂದ ಅನಸ್ತಮಿತ ವ್ರತವಿರುವ ವ್ಯಾಪಾರಿಗೆ ಸಂಜೆಯ ಊಟ ತಪ್ಪುವ ಸಂಭವ ಹೆಚ್ಚು. ಆಗ ಗಲ್ಲಾದ ಪಕ್ಕದ ಡಬ್ಬಿಯಲ್ಲಿದ್ದ ಒಂದು ಹಿಡಿ ಕುಡುಅರಿ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಈ ಹಬ್ಬವನ್ನು ನೆನೆದಾಗ ನನಗೆ ಬಹುಕಾಲ ಒಂದು ಬಗೆಯ ಹೆಮ್ಮೆಯಿತ್ತು. ಏಕೇಂದ್ರಿಯ ಸ್ಥಾವರ ಜೀವಗಳಲ್ಲಿ ಪೃಥ್ವೀಕಾಯವನ್ನು ಮೊದಲು ಎಣಿಸಿದವರು ನಮ್ಮ ಆಚಾರ್ಯರು. ಮಣ್ಣಿಗೂ ನೋವುಂಟೆಂಬ ಭಾವನೆಯನ್ನು ಇಡೀ ಊರು ವರ್ಷಕ್ಕೆ ಮೂರು ದಿನವಾದರೂ ಆಚರಿಸುವುದಲ್ಲ ಎಂದು ಸಂತೋಷಪಡುತ್ತಿದ್ದೆ. ಜೊತೆಗೆ ಒಂದು ಅಸಮಾಧಾನವೂ ಇತ್ತು. ಅದೇ ಮೂರು ದಿನಗಳಲ್ಲಿ ಗಂಡಸರು ಗುಂಪುಕಟ್ಟಿಕೊಂಡು ಕಾಡಿಗೆ ಬೇಟೆಗೆ ಹೋಗುವ ಪದ್ಧತಿಯೂ ಇತ್ತು. ಅದನ್ನು ಕೆಡ್ಡಸ ಬೋಂಟೆ ಎನ್ನುತ್ತಿದ್ದರು. ಭೂಮಿಗೆ ಹಾರೆ ತಾಗಬಾರದು, ಹಂದಿಗೆ ಈಟಿ ತಾಗಬಹುದು! ಇದೆಂತಹ ಧರ್ಮವೆಂದು ನಾನು ಕೇಳುತ್ತಿದ್ದೆ. ಕೇಳುವ ಅಧಿಕಾರ ನನಗೆಷ್ಟಿತ್ತೆಂಬುದು ಮುಂದೆ ತಿಳಿಯಿತು.

ಬಿ.ಕಾಂ. ಮುಗಿಸಿ ಪುತ್ತೂರಿನ ನಮ್ಮ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕುಳಿತ ಎರಡನೆಯ ವರ್ಷ. ಕೆಡ್ಡಸಕ್ಕೆ ಇನ್ನು ಎಂಟು ದಿನಗಳಿದ್ದವು. ಸುಳ್ಯದ ಕಡೆಯ ಒಬ್ಬ ಹಳೆಯ ಗಿರಾಕಿ ಬಂದು ಹತ್ತು ಮಾರು ತೆಳುವಾದ ಉಕ್ಕಿನ ಕೇಬಲ್ ಬೇಕೆಂದರು. ನಾನು ಅಳೆದು, ಕತ್ತರಿಸಿ, ಸುತ್ತಿ ಕೊಟ್ಟೆ. ಒಳಗೆ ಕುಳಿತು ಲೆಕ್ಕ ನೋಡುತ್ತಿದ್ದ ತೀರ್ಥರೂಪರು ಅವರು ಹೋದ ಮೇಲೆ ಕೇಳಿದರು: "ಅದು ಯಾವುದಕ್ಕೆ ಎಂದು ಕೇಳಿದೆಯಾ?"

"ಗಿರಾಕಿಯ ಹತ್ತಿರ ಅದನ್ನೆಲ್ಲ ಕೇಳಲಿಕ್ಕಾಗುತ್ತದೆಯೇ?" ಎಂದೆ.

"ಮೈಲುತುತ್ತು ಕೊಳ್ಳಲು ಬಂದರೆ ಎಷ್ಟು ಅಡಿಕೆ ಮರ ಉಂಟೆಂದು ಕೇಳುತ್ತಿ. ಇದಕ್ಕೆ ಯಾಕೆ ಕೇಳಲಿಕ್ಕಾಗುವುದಿಲ್ಲ?"

ನಾನು ಉತ್ತರ ಕೊಡಲಿಲ್ಲ. ಯಾವುದಕ್ಕೆಂದು ನನಗೆ ಗೊತ್ತಿತ್ತು. ಹಂದಿಗೆ ಇಡುವ ಉರುಳಿಗೆ ಅಂತಹ ಕೇಬಲ್ಲನ್ನೇ ಬಳಸುತ್ತಾರೆ. ಗೊತ್ತಿದ್ದುದರಿಂದಲೇ ನಾನು ಕೇಳಿರಲಿಲ್ಲ.

ಕೆಡ್ಡಸ ಕಳೆದು ನಾಲ್ಕು ದಿನಗಳಾದ ಮೇಲೆ ಅದೇ ವ್ಯಕ್ತಿ ಅಂಗಡಿಗೆ ಬಂದರು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಕುಡುಅರಿ ಇತ್ತು, ಪ್ರತಿವರ್ಷವೂ ತರುತ್ತಿದ್ದರು. ಅದನ್ನು ಮೇಜಿನ ಮೇಲಿಟ್ಟು, "ಧಣಿಗಳೇ, ಗಬ್ಬದ ಹಸು ಹೋಯಿತು" ಎಂದರು. ತೋಟದ ಬದಿಯಲ್ಲಿಟ್ಟ ಉರುಳಿಗೆ ಅವರದೇ ಹಸು ಸಿಕ್ಕಿತ್ತು. ರಾತ್ರಿಯೆಲ್ಲ ಎಳೆದಾಡಿದ್ದರಿಂದ ಕೇಬಲ್ಲು ಕಾಲಿನ ಮೂಳೆಯವರೆಗೆ ಇಳಿದಿತ್ತು. ಮೂರನೆಯ ದಿನ ಅದು ಸತ್ತಿತು. ಅವರು ನನ್ನನ್ನು ದೂರಲಿಲ್ಲ. ದೂರುವ ವಿಚಾರವೇ ಅವರಿಗೆ ಹೊಳೆದಿರಲಿಲ್ಲ. "ಹಂದಿಯ ಉಪದ್ರ ತಡೆಯದೆ ಇಟ್ಟದ್ದು. ಒಂದು ರಾತ್ರಿಯಲ್ಲಿ ಅರ್ಧ ಗದ್ದೆ ಮಗುಚಿ ಹಾಕುತ್ತದೆ. ನಾವು ಏನು ತಿನ್ನುವುದು?" ಎಂದಷ್ಟೇ ಹೇಳಿ, ಒಂದು ಕತ್ತಿಗೆ ಹಿಡಿ ಹಾಕಿಸಿಕೊಂಡು ಹೋದರು.

ಆ ರಾತ್ರಿ ನಾನು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಯತ್ನಿಸಿದೆ. ಶ್ರಾವಕನಾದವನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪುವಂಥವಲ್ಲವೆಂದು ಓದಿದ್ದೆ. ಹಾಗಾದರೆ ರೈತನದು ಬೆಳೆ ರಕ್ಷಣೆಯ ವಿರೋಧೀ ಹಿಂಸೆ, ನನ್ನದು ವ್ಯಾಪಾರದ ಉದ್ಯೋಗೀ ಹಿಂಸೆ ಎಂದುಕೊಂಡೆ. ಇದನ್ನು ತೀರ್ಥರೂಪರಿಗೆ ಹೇಳಿದಾಗ ಅವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತಂದು ಅನರ್ಥದಂಡವ್ರತದ ಭಾಗವನ್ನು ತೆರೆದು ಕೊಟ್ಟರು. ಅಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಒಂದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಗಿಡ ಕಡಿಯುವುದು ಮೊದಲಾದವು ಅದರಲ್ಲಿ ಬರುತ್ತವೆ. ಕೆಡ್ಡಸದ ನಿಯಮಕ್ಕೂ ಇದಕ್ಕೂ ಎಷ್ಟು ಸಾಮೀಪ್ಯ! ಇನ್ನೊಂದು ಹಿಂಸಾದಾನ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸರಪಳಿ ಮುಂತಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ನಮ್ಮ ಅಂಗಡಿಯ ದಾಸ್ತಾನಿನ ಪಟ್ಟಿಯನ್ನೇ ಯಾರೋ ಓದಿ ಹೇಳಿದಂತಾಯಿತು.

"ಹಾಗಾದರೆ ಅಂಗಡಿ ಮುಚ್ಚಬೇಕೇ?" ಎಂದು ಕೇಳಿದೆ.

"ಹಾರೆಯಿಲ್ಲದೆ ಯಾರೂ ಉಣ್ಣಲಾರರು. ಎಚ್ಚರವಿದ್ದೂ ತಪ್ಪದೆ ಉಳಿಯುವುದು ಉದ್ಯೋಗೀ ಹಿಂಸೆ. ಗೊತ್ತಿದ್ದೂ ಕೇಳದಿರುವುದು ಪ್ರಮಾದ. ಎರಡನ್ನೂ ಒಂದೇ ಖಾತೆಗೆ ಬರೆಯಬೇಡ," ಎಂದರು.

ಹಬ್ಬದ ಹೆಸರಿನಲ್ಲಿ ದಯೆ ಮತ್ತು ಕ್ರೌರ್ಯ ಒಟ್ಟಿಗೆ ಬರುವುದು ನಮ್ಮ ನಾಡಿನ ಮಾತು ಮಾತ್ರವಲ್ಲ. ಫ್ರಾನ್ಸ್ ದೇಶದ ಸಣ್ಣ ಊರುಗಳಲ್ಲಿಯೂ ಕ್ರಿಸ್ಮಸ್ ಎಂದರೆ ಬಂಧುಗಳು ಒಂದೇ ಮೇಜಿಗೆ ಕೂಡುವ, ಬೆಚ್ಚನೆಯ ಕಾಲ. ಅದೇ ಮೇಜಿನ ಗೌರವದ ಭಕ್ಷ್ಯವೆಂದರೆ, ಬಾತು ಮತ್ತು ಹೆಬ್ಬಾತುಗಳ ಗಂಟಲಿಗೆ ಕೊಳವೆಯಿಟ್ಟು ಬಲವಂತವಾಗಿ ಕಾಳು ತುಂಬಿ ಕೊಬ್ಬಿಸಿದ ಪಿತ್ತಜನಕಾಂಗ. ಅದಕ್ಕೆ ಫುವಾ ಗ್ರಾ ಎಂದು ಹೆಸರು. 2006ರಲ್ಲಿ ಆ ದೇಶದ ಕಾನೂನು ಅದನ್ನು ರಕ್ಷಿಸಬೇಕಾದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಇಲ್ಲಿ ಕಾನೂನಿನ ದಾರಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಕೆಡ್ಡಸ ಬೋಂಟೆ ಕ್ರಮೇಣ ಹಿರಿಯರ ಬಾಯಿಯ ಕಥೆಯಾಯಿತು. ಆದರೆ ಉರುಳು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಬೋಂಟೆಗೆ ಹೋದವನು ಪ್ರಾಣಿಯ ಎದುರಿಗಾದರೂ ನಿಂತಿರುತ್ತಾನೆ. ಉರುಳಿಟ್ಟವನು ಮನೆಯಲ್ಲಿ ಮಲಗಿರುತ್ತಾನೆ. ಕೇಬಲ್ಲು ಮಾರಿದವನು ಅವನಿಗಿಂತಲೂ ದೂರದಲ್ಲಿ, ಇನ್ನೂ ನಿಶ್ಚಿಂತೆಯಿಂದ ಮಲಗಿರುತ್ತಾನೆ.

ಆ ವರ್ಷದಿಂದ ನಾನು ಕೇಬಲ್ಲು ಕೇಳಿದವರನ್ನು ಯಾವುದಕ್ಕೆಂದು ಕೇಳತೊಡಗಿದೆ. ಕೆಲವರು ನಕ್ಕರು, ಕೆಲವರು ಸುಳ್ಳು ಹೇಳಿದರು, ಕೆಲವರು ಬೇರೆ ಅಂಗಡಿಗೆ ಹೋದರು. ಇದರಿಂದ ಕಾಡಿನಲ್ಲಿ ಒಂದು ಹಂದಿಯಾದರೂ ಉಳಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಮತ್ತೊಂದು ಮಾತನ್ನೂ ಒಪ್ಪಿಕೊಳ್ಳಬೇಕು. "ನಾವು ಏನು ತಿನ್ನುವುದು?" ಎಂಬ ಆ ರೈತರ ಪ್ರಶ್ನೆಗೆ ಬರಿಯ ಉಪದೇಶ ಉತ್ತರವಾಗದು. ಅವರು ಬೆಳೆದ ಕುಡುಅರಿಯನ್ನು ತಿಂದು ಅವರಿಗೆ ಅಹಿಂಸೆ ಬೋಧಿಸುವುದು ಸುಲಭ. ಸೋಲಾರ್ ಬೇಲಿಯ ಸಾಮಾನುಗಳು ಬಂದ ಮೇಲೆ ಅವನ್ನು ತರಿಸಿ, ಕಡಿಮೆ ಲಾಭಕ್ಕೆ, ಕೆಲವರಿಗೆ ಕಂತಿನ ಮೇಲೆ ಕೊಟ್ಟೆ. ಆ ಬೇಲಿಯ ತಂತಿ ಪ್ರಾಣಿಯನ್ನು ಬೆದರಿಸಿ ಹಿಂದಿರುಗಿಸುತ್ತದೆ, ಕೊಲ್ಲುವುದಿಲ್ಲ. ಗಿಡಗಂಟಿ ತಾಗದಂತೆ ನೋಡಿಕೊಳ್ಳುವ ಶ್ರಮ ಮಾತ್ರ ರೈತನದೇ. ಎಲ್ಲರಿಗೂ ಅದು ಕೈಗೆಟಕಲಿಲ್ಲ.

ಕೆಡ್ಡಸದ ಮೂರು ದಿನ ನಮ್ಮ ಅಂಗಡಿಯಲ್ಲಿ ಹಾರೆ, ಪಿಕ್ಕಾಸು, ಕೊಡಲಿಗಳನ್ನು ಮಾರುವುದಿಲ್ಲ. ಊರಿನವರು ಅಗೆಯದ ದಿನಗಳಲ್ಲಿ ಅವುಗಳ ವ್ಯಾಪಾರ ಮೊದಲೇ ಕಡಿಮೆ. ಆದುದರಿಂದ ಇದರಲ್ಲಿ ದೊಡ್ಡ ತ್ಯಾಗವೇನೂ ಇಲ್ಲವೆಂದು ಮಗನು ಹಾಸ್ಯ ಮಾಡುತ್ತಾನೆ. ಅವನ ಮಾತು ಸರಿ. ಉಳಿದ ದಿನಗಳಲ್ಲಿ ಮಾರುವಾಗ ಕೈಯಲ್ಲಿ ಏನಿದೆಯೆಂಬುದು ಮರೆಯದಿರಲೆಂದು ಈ ಮೂರು ದಿನಗಳ ನಿಯಮ, ಅಷ್ಟೇ.

ಆ ಹಳೆಯ ಗಿರಾಕಿ ಈಗಿಲ್ಲ. ಅವರ ಗದ್ದೆಯೂ ಅಡಿಕೆ ತೋಟವಾಗಿದೆ. ಹುರುಳಿಯನ್ನು ಅಂಗಡಿಯಿಂದ ತರುತ್ತಾರೆ. ಆದರೂ ಅವರ ಸೊಸೆ ಪ್ರತಿ ಕೆಡ್ಡಸಕ್ಕೆ ತಪ್ಪದೆ ಕುಡುಅರಿ ಕಳುಹಿಸುತ್ತಾರೆ. ಹೊತ್ತು ಮುಳುಗುವ ಮೊದಲು ಅಂಗಡಿಯಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ. ಅದರ ರುಚಿಯೊಂದಿಗೆ ಆ ಹಸುವಿನ ನೆನಪೂ ಬರುತ್ತದೆ. ಬರಬೇಕಾದುದೇ.